ಚೆಕ್‌ರೋಲ್

ತೋಟದಲ್ಲಿ ಅಪ್ಪನಿಗೆ ರೈಟರ್ ಎಂದೇ ಹೆಸರು.
ಬರೆದದ್ದು ಒಂದೇ ಪುಸ್ತಕ, ಇಪ್ಪತ್ತಾರು ವರ್ಷ:
ಎಡಕ್ಕೆ ಹೆಸರು, ಬಲಕ್ಕೆ ಮೂವತ್ತೊಂದು ಕಿಟಕಿ,
ಬಂದವರಿಗೆ ಗೀಟು, ಅರ್ಧ ದಿನಕ್ಕೆ ಅರ್ಧ ಗೀಟು,
ಬಾರದವರಿಗೆ ಸೊನ್ನೆ.
ಸೊನ್ನೆ ಸುತ್ತುವಾಗ ಪೆನ್ಸಿಲ್ ಕೊಂಚ ತಡೆಯುತ್ತಿತ್ತು.

ಒಂದು ಸೊನ್ನೆಗಳ ವಿದ್ಯೆಯನ್ನು
ಕಾಲೇಜಿಗೆ ಮೊದಲೇ ಮನೆಯಲ್ಲಿ ಕಂಡಿದ್ದೆ
ಎಂದು ಈಗ ಹೇಳಿದರೆ ಚೆಂದ.
ಆಗ ಹೊಳೆದಿರಲಿಲ್ಲ.

ಪೊನ್ನಂಪೇಟೆ. ನಾಲ್ಕು ವರ್ಷ.
ಕೊನೆಯ ಪ್ರಾಜೆಕ್ಟು ಸ್ಮಾರ್ಟ್ ಪಾರ್ಕಿಂಗ್.
ನಮ್ಮೂರಲ್ಲಿ ನಿಲ್ಲಿಸಲು ಇದ್ದದ್ದು ಎರಡು ಜೀಪು,
ಅವೂ ಕೆಟ್ಟಲ್ಲಿ ನಿಲ್ಲುತ್ತಿದ್ದವು.
ಏಳನೇ ಸೆಮಿಸ್ಟರಿಗೆ ಮೂರು ಕಂಪನಿ ಬಂದವು.
ಮೊದಲನೆಯದಕ್ಕೆ ನನ್ನ ಇಂಗ್ಲಿಷ್ ಸಾಲಲಿಲ್ಲ,
ಎರಡನೆಯದಕ್ಕೆ ಗಣಿತ.
ಮೂರನೆಯದರ ದಿನ ಗಾಳಿಗೆ ಮರ ಬಿದ್ದು
ಪರೀಕ್ಷೆ ನಲವತ್ತನೇ ಪ್ರಶ್ನೆಯಲ್ಲಿ ಕಪ್ಪಾಯಿತು.
ಜನರೇಟರಿಗೆ ಡೀಸೆಲ್ ತರಲು ಹೋದ ಅಟೆಂಡರ್ ಐತಪ್ಪ
ಬಂಕೂ ಮುಚ್ಚಿತ್ತೆಂದು
ಎಲ್ಲರಿಗೂ ಬನ್ನು ತಂದ.

ಎಂಟು ತಿಂಗಳ ಮೇಲೆ ಸಿಕ್ಕಿದ್ದು ಗೋಣಿಕೊಪ್ಪ,
ಗೊಬ್ಬರದಂಗಡಿಯ ಮಾಳಿಗೆ.
ಎರಡು ಮೇಜು, ಒಂದು ಯುಪಿಎಸ್,
ಮೂಗಿಗೆ ಹತ್ತುವ ಕೆಳಗಿನ ವ್ಯಾಪಾರ.
ಪೂವಯ್ಯ ಸರ್ ಸರ್ಟಿಫಿಕೇಟು ನೋಡಲಿಲ್ಲ.
"ತೋಟಗಳಿಗೆ ಒಂದು ಸಾಫ್ಟ್‌ವೇರ್ ಮಾಡಬೇಕು.
ಚೆಕ್‌ರೋಲ್ ಅಂದರೆ ಗೊತ್ತಾ ನಿನಗೆ?"
ನಕ್ಕುಬಿಟ್ಟೆ.
ಅದೇ ಇಂಟರ್‌ವ್ಯೂ.

ಜನವರಿ. ರೊಬಸ್ಟಾ ಕುಯ್ಲು.
ಮೊದಲ ಗಿರಾಕಿ ಅಪ್ಪನ ತೋಟ,
ಅಂದರೆ ಅಪ್ಪ ಸಂಬಳಕ್ಕಿದ್ದ ತೋಟ.
ಸಂಜೆ ಕಣದಲ್ಲಿ ತಕ್ಕಡಿ, ಪಕ್ಕದಲ್ಲಿ ನಾನು,
ಮೂಟೆ ತೂಗಿದ ಹಾಗೆ ಬೆರಳಲ್ಲಿ ಕಿಲೋ ಒತ್ತುತ್ತಾ.
ಅಪ್ಪ ಪುಸ್ತಕವನ್ನು ಕಂಕುಳಲ್ಲಿಟ್ಟು ದೂರ ನಿಂತ,
ಬೇರೆ ಯಾರದೋ ಮಗಳನ್ನು ನೋಡುವವನಂತೆ.

ಶನಿವಾರ ಬಟವಾಡೆ.
ಪ್ರಿಂಟು ಬಂತು. ಗೆರೆ ನೇರ,
ಅಡಿಯ ಮೊತ್ತವೂ ತಾಳೆ.
ಹೆಸರು ಕೂಗಿದರು: ಚಾತ. ಕರ್ಪಿ. ಬೊಳ್ಳಿ.
ಇಬ್ಬರು ಎದ್ದರು.
ಕವರು ಒಂದೇ.

ಎರಡು ಸಲ ಬಂದ ಹೆಸರು ತಪ್ಪು ಎಂದು
ಯಂತ್ರಕ್ಕೆ ಕಲಿಸಿದವಳು ನಾನೇ.
ಅದು ಹೇಳಿದ ಮಾತು ಕೇಳಿತ್ತು;
ಇಬ್ಬರ ಆರು ದಿನವನ್ನು ಒಬ್ಬಳ ಆರು ದಿನ ಮಾಡಿ
ಕೊನೆಗೆ ತೂಗಿದ ಮೂಟೆಯನ್ನಷ್ಟೇ ಇಟ್ಟುಕೊಂಡಿತ್ತು.
ಕಿರಿಯವಳು ತನ್ನ ಕೈ ತಿರುಗಿಸಿ ನೋಡಿಕೊಂಡಳು,
ಉಗುರ ಸಂದಿಯಲ್ಲಿ ಹಣ್ಣಿನ ಕಪ್ಪು.
ಕಿತ್ತದ್ದಕ್ಕೆ ಅವಳ ಬಳಿ ಇದ್ದ ರಸೀದಿ ಅದು.
ನಾಳೆ ಸಂತೆ.

ಅಪ್ಪ ಏನೂ ಅನ್ನಲಿಲ್ಲ. ಪುಸ್ತಕ ಬಿಚ್ಚಿದ.
ಬಾವಿಕರೆ ಬೊಳ್ಳಿ.
ಅದರ ಕೆಳಗೆ: ಬೊಳ್ಳಿ, ತೋಲನ ಮಗಳು.
ಹಿಂದಿನ ಹಾಳೆಯಲ್ಲಿ ಇನ್ನೊಬ್ಬಳು ಬರೀ ಬೊಳ್ಳಿ,
ಹದಿಮೂರನೇ ತಾರೀಕಿನವರೆಗೆ ಗೀಟು,
ಆಮೇಲೆ ಗೀಟಿಲ್ಲ, ಸೊನ್ನೆಯೂ ಇಲ್ಲ.
"ರಜೆ ಹಾಕಿದವಳಿಗೆ ಸೊನ್ನೆ," ಅಂದ ಅಪ್ಪ,
"ಸತ್ತವಳಿಗೆ ಹೇಗೆ ಹಾಕಲಿ?"

ಸೊನ್ನೆಗೂ ಖಾಲಿಗೂ ವ್ಯತ್ಯಾಸವೇನು,
ಐದನೇ ಸೆಮಿಸ್ಟರಿನಲ್ಲಿ ಎರಡು ಮಾರ್ಕಿಗೆ ಕೇಳಿದ್ದರು.
ಬಿಟ್ಟು ಬಂದಿದ್ದೆ.

ಆ ರಾತ್ರಿ ಮಾಳಿಗೆಯಲ್ಲಿ ಕೂತೆ.
ಒಬ್ಬೊಬ್ಬರಿಗೂ ಒಂದು ನಂಬರು ಕೊಟ್ಟೆ,
ಪಕ್ಕದಲ್ಲಿ ಒಂದು ಅಂಕಣ: ಕರೆಯುವ ಹೆಸರು.
ಕಾಗದ ದಂಡ ಅಂದರು ಪೂವಯ್ಯ ಸರ್.
ಆಗಲಿ ಅಂದೆ.
ಈಗ ಹನ್ನೊಂದು ತೋಟ, ಹನ್ನೊಂದರಲ್ಲೂ ಆ ಅಂಕಣ.
ಕೆಲವರು ಅದರಲ್ಲಿ ಫೋನ್ ನಂಬರು ತುಂಬುತ್ತಾರೆ.

ಮೊನ್ನೆ ಒಂದು ದೊಡ್ಡ ಕಂಪನಿ,
ವಿಡಿಯೋದಲ್ಲಿ ಮೂರು ಮುಖ, ಒಂದು ಮ್ಯೂಟು.
ಇದುವರೆಗೆ ನೀವು ಮಾಡಿದ ದೊಡ್ಡ ತಪ್ಪು ಯಾವುದು?
ಬೊಳ್ಳಿ, ಎಂದೆ.
ನಡುವಿನವರು ಪೆನ್ನು ಎತ್ತಿಕೊಂಡು
ಸ್ಪೆಲ್ಲಿಂಗ್ ಕೇಳಿದರು.

ಯಾವ ಬೊಳ್ಳಿಯದು, ಎಂದು ಕೇಳಿದೆ.